‘ಎಲಿ’ ಎಂದ ಮಗುವಿನ ಉತ್ತರ ತಪ್ಪೇ? ಓದು ಕಲಿಸುವ ಕಂಪ್ಯೂಟರ್ ಆಟಗಳ ಬಗ್ಗೆ ಚರ್ಚೆ

ಕುಂಬಳೆ ಬಳಿಯ ಎಲ್.ಪಿ. ಶಾಲೆಯ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸಮೀಪದ ಒಂದು ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡುತ್ತೇನೆ. ಈ ವರ್ಷ ತರಗತಿಯಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ. ಅವರಲ್ಲಿ ಮನೆಯಲ್ಲಿ ಕನ್ನಡ ಮಾತನಾಡುವವರು ಮೂವರು ಮಾತ್ರ. ಉಳಿದವರು ತುಳು, ಮಲಯಾಳ, ಬ್ಯಾರಿ, ಕೊಂಕಣಿ ಮನೆಗಳಿಂದ ಬರುತ್ತಾರೆ. ಸಪ್ತಭಾಷಾ ಸಂಗಮ ಭೂಮಿ ಎಂದು ನಾವು ಭಾಷಣಗಳಲ್ಲಿ ಹೇಳುವ ಮಾತು ನನ್ನ ತರಗತಿಯಲ್ಲಿ ದಿನವೂ ಚಾಪೆಯ ಮೇಲೆ ಕುಳಿತಿರುತ್ತದೆ.

ಶಾಲೆಯ ಲ್ಯಾಪ್‌ಟಾಪಿನಲ್ಲಿ ಅಕ್ಷರ ಕಲಿಸುವ ಒಂದು ಕನ್ನಡ ಆಟವನ್ನು ಹಾಕಿಕೊಂಡು, ಮಧ್ಯಾಹ್ನದ ಕೊನೆಯ ಪೀರಿಯಡಿನಲ್ಲಿ ಇಬ್ಬಿಬ್ಬರನ್ನು ಕೂರಿಸಿ ಆಡಿಸುತ್ತಿದ್ದೆ. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ, ಕೆಳಗೆ ನಾಲ್ಕು ಅಕ್ಷರಗಳಿರುತ್ತವೆ, ಚಿತ್ರದ ಹೆಸರು ಯಾವ ಅಕ್ಷರದಿಂದ ಆರಂಭವಾಗುತ್ತದೆಯೋ ಅದನ್ನು ಒತ್ತಬೇಕು. ಕಳೆದ ವಾರ ತುಳು ಮನೆಮಾತಿನ ಒಂದು ಹುಡುಗಿ ಆಡುತ್ತಿದ್ದಳು. ಇಲಿಯ ಚಿತ್ರ ಬಂತು. ಕೆಳಗೆ ಅ, ಇ, ಉ, ಎ ಇದ್ದವು. ಅವಳು ತುಟಿಯಲ್ಲೇ ಏನೋ ಹೇಳಿಕೊಂಡು ‘ಎ’ ಒತ್ತಿದಳು. ಕೆಂಪು ಗುರುತು ಬಂತು, ಅಳುವಂತಹ ಒಂದು ಸದ್ದೂ ಬಂತು. ಮತ್ತೆ ‘ಎ’ ಒತ್ತಿದಳು, ಮತ್ತೆ ಅದೇ ಆಯಿತು. ಮೂರನೆಯ ಸಲ ಅವಳು ಪರದೆಯನ್ನು ನೋಡದೆ ಯಾವುದೋ ಒಂದನ್ನು ಒತ್ತಿಬಿಟ್ಟಳು. ಮುಂದಿನ ಚಿತ್ರ ಎಲೆಯದು. ಅದಕ್ಕೆ ಅವಳು ‘ಇ’ ಒತ್ತಿದಳು. ಮತ್ತೆ ಕೆಂಪು ಗುರುತು.

ಆಗ ನನಗೆ ವಿಷಯ ಹೊಳೆಯಿತು. ತುಳುವಿನಲ್ಲಿ ಇಲಿಗೆ ಎಲಿ ಎನ್ನುತ್ತಾರೆ, ಎಲೆಗೆ ಇರೆ ಎನ್ನುತ್ತಾರೆ. ಆ ಮಗು ಎರಡು ಸಲವೂ ಮನಸ್ಸಿನಲ್ಲಿ ಸರಿಯಾದ ಶಬ್ದವನ್ನು ನೆನೆದು, ಅದರ ಮೊದಲ ಧ್ವನಿಯನ್ನು ಸರಿಯಾಗಿ ಬಿಡಿಸಿ, ಸರಿಯಾದ ಅಕ್ಷರವನ್ನೇ ಒತ್ತಿತ್ತು. ನಾನು ಸ್ಲೇಟಿನಲ್ಲಿ ‘ಇ’ ಮತ್ತು ‘ಎ’ ಎರಡನ್ನೂ ಬರೆದು ತೋರಿಸಿದಾಗ ಅವಳು ಒಂದು ಕ್ಷಣವೂ ತಡವರಿಸದೆ ಓದಿದಳು. ಅಕ್ಷರ ಗೊತ್ತಿದ್ದ ಮಗುವಿಗೆ ಅಕ್ಷರ ಗೊತ್ತಿಲ್ಲವೆಂದು ಆಟ ತೀರ್ಪು ಕೊಟ್ಟಿತ್ತು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಮಗು ಆ ತೀರ್ಪನ್ನು ನಂಬಿತ್ತು.

ನಾನು ಇಂತಹ ಆಟಗಳ ವಿರೋಧಿಯಲ್ಲ. ಹದಿನಾಲ್ಕು ಮಕ್ಕಳಿಗೆ ಒಬ್ಬೊಬ್ಬರಿಗೂ ನೂರು ಸಲ ‘ಕ’ ಮತ್ತು ‘ಕಾ’ ವ್ಯತ್ಯಾಸ ಕೇಳಿಸುವಷ್ಟು ಹೊತ್ತು ನನ್ನ ಬಳಿ ಇಲ್ಲ, ಯಂತ್ರಕ್ಕೆ ಆ ತಾಳ್ಮೆ ಇದೆ. ನಮ್ಮ ಗಡಿನಾಡಿನ ಮಕ್ಕಳಿಗೆ ಹೊಂದುವ ಆಟವನ್ನು ಯಾರಾದರೂ ಬಳಸಿದ್ದೀರಾ? ಬಳಸಿದ್ದರೆ ಹೇಗೆ ಬಳಸಿದಿರಿ ಎಂಬುದನ್ನು ದಯವಿಟ್ಟು ವಿವರವಾಗಿ ಬರೆಯಿರಿ.

ಉಪ್ಪಳದ ತಾಯಿ:

ಟೀಚರೇ, ನಿಮ್ಮ ಬರಹ ಓದಿ ನನ್ನ ಮಗನ ನೆನಪಾಯಿತು. ನಮ್ಮದು ಮಲಯಾಳ ಮನೆಮಾತು, ಆದರೆ ನಾನು ಕನ್ನಡ ಶಾಲೆಯಲ್ಲಿ ಕಲಿತವಳಾದ ಕಾರಣ ಮಗನನ್ನೂ ಕನ್ನಡ ಮಾಧ್ಯಮಕ್ಕೆ ಸೇರಿಸಿದೆ. ಮಲಯಾಳದಲ್ಲೂ ಇಲಿಗೆ ಎಲಿ, ಎಲೆಗೆ ಇಲ. ಅವನೂ ಮೊಬೈಲಿನ ಆಟದಲ್ಲಿ ಇದೇ ಎರಡು ಕಡೆ ಸೋಲುತ್ತಿದ್ದ. ನಾನು ಅಡುಗೆಮನೆಯಲ್ಲಿದ್ದುಕೊಂಡು ‘ಸರಿಯಾಗಿ ನೋಡಿ ಒತ್ತು ಮಗಾ’ ಎಂದು ಗದರುತ್ತಿದ್ದೆ. ತಪ್ಪು ಅವನದಾಗಿರಲಿಲ್ಲ ಎಂದು ಇಂದು ತಿಳಿದು ಮನಸ್ಸಿಗೆ ಬಹಳ ನೋವಾಯಿತು.

ಇನ್ನೊಂದು ವಿಷಯ. ಅವನು ದಿನ ಕಳೆದಂತೆ ಆಟದಲ್ಲಿ ಎಲ್ಲ ನಕ್ಷತ್ರಗಳನ್ನೂ ಪಡೆಯತೊಡಗಿದ, ಆದರೆ ಪಾಠಪುಸ್ತಕ ಕೊಟ್ಟರೆ ಒಂದು ಸಾಲು ಓದಲಾರ. ಹತ್ತಿರ ಕುಳಿತು ಗಮನಿಸಿದಾಗ, ಹಂದಿಯ ಚಿತ್ರ ಬಂದರೆ ಬಲಗಡೆಯ ಮೇಲಿನ ಚೌಕವನ್ನು ಒತ್ತಬೇಕು ಎಂದು ಅವನು ನೆನಪಿಟ್ಟುಕೊಂಡಿರುವುದು ಕಂಡಿತು. ಅಕ್ಷರಗಳ ಸ್ಥಾನ ಪ್ರತಿಸಲವೂ ಒಂದೇ ಆಗಿದ್ದ ಕಾರಣ ಅವನಿಗೆ ಓದುವ ಅಗತ್ಯವೇ ಬೀಳಲಿಲ್ಲ.

ಪೆರ್ಲದ ನಿವೃತ್ತ ಅಧ್ಯಾಪಕ:

ನಾನು ಮೂವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಈ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಪಾಠ ಮಾಡಿದವನು. ಕಂಪ್ಯೂಟರ್ ಆಟಗಳ ಬಗ್ಗೆ ನನಗೆ ತಿಳಿದದ್ದು ಕಡಿಮೆ, ಆದರೆ ಟೀಚರ್ ಹೇಳಿದ ತೊಡಕು ಹಳೆಯದು. ಗೋಡೆಗೆ ತೂಗುಹಾಕುತ್ತಿದ್ದ ವರ್ಣಮಾಲೆಯ ಪಟದಲ್ಲಿಯೂ ಅದೇ ಇಲಿ, ಅದೇ ಎಲೆ ಇದ್ದವು. ಆಗ ಪಟದ ಪಕ್ಕದಲ್ಲಿ ಮಾಷ್ಟ್ರು ನಿಂತಿರುತ್ತಿದ್ದರು, ಮಗು ‘ಎಲಿ’ ಎಂದರೆ ‘ಹೌದು, ಅದನ್ನೇ ಕನ್ನಡದಲ್ಲಿ ಇಲಿ ಎನ್ನುತ್ತೇವೆ’ ಎಂದು ಹೇಳುತ್ತಿದ್ದರು. ಯಂತ್ರಕ್ಕೆ ಆ ‘ಹೌದು’ ತಿಳಿಯದು.

ಈ ವ್ಯತ್ಯಾಸಗಳು ಅಡ್ಡಾದಿಡ್ಡಿಯಾಗಿ ಹುಟ್ಟಿದವುಗಳಲ್ಲ ಎಂಬುದನ್ನು ಆಟ ತಯಾರಿಸುವವರು ತಿಳಿದಿರಬೇಕು. ಮುಂದಿನ ಅಕ್ಷರದಲ್ಲಿ ಇಕಾರ ಅಥವಾ ಉಕಾರ ಇದ್ದಾಗ ಕನ್ನಡದಲ್ಲಿ ಹಿಂದಿನ ಎಕಾರವು ಇಕಾರವಾಗಿಯೂ, ಒಕಾರವು ಉಕಾರವಾಗಿಯೂ ಬದಲಾಗಿದೆ. ತಮಿಳು, ಮಲಯಾಳ, ತುಳುಗಳ ಎಲಿ ನಮ್ಮಲ್ಲಿ ಇಲಿಯಾದದ್ದು ಹಾಗೆ; ಅವರ ಪೊಡಿ ನಮ್ಮಲ್ಲಿ ಪುಡಿಯಾಗಿ, ಮುಂದೆ ಹುಡಿಯಾದದ್ದೂ ಹಾಗೆಯೇ. ಹಳಗನ್ನಡದ ಪಕಾರವು ನಡುಗನ್ನಡದ ಹೊತ್ತಿಗೆ ಹಕಾರವಾದದ್ದು ಕನ್ನಡದ ಇನ್ನೊಂದು ದೊಡ್ಡ ಬದಲಾವಣೆ. ಆದುದರಿಂದ ಕನ್ನಡದ ಹುಲಿ ತುಳುವರಿಗೆ ಪಿಲಿ, ಕನ್ನಡದ ಹಂದಿ ತುಳುವಿನಲ್ಲಿ ಪಂಜಿ, ಮಲಯಾಳದಲ್ಲಿ ಪನ್ನಿ. ಹಲ್ಲಿ ಎರಡರಲ್ಲಿಯೂ ಪಲ್ಲಿ. ‘ಹ’ ಅಕ್ಷರ ಕಲಿಸಲು ಹುಲಿ, ಹಂದಿ, ಹಲ್ಲಿಗಳ ಚಿತ್ರ ಹಾಕಿದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ‘ಪ’ವನ್ನೇ ಹುಡುಕುತ್ತಾರೆ. ಮಲಯಾಳ ಮನೆಯ ಮಕ್ಕಳಿಗೆ ‘ಬ’ದಲ್ಲೂ ಇದೇ ತೊಂದರೆ ಇದೆ, ಏಕೆಂದರೆ ನಮ್ಮ ಬಲೆ ಅವರಿಗೆ ವಲ, ನಮ್ಮ ಬಾಳೆ ಅವರಿಗೆ ವಾಳ.

ಇದಕ್ಕೆ ಪರಿಹಾರವೂ ಈ ಭಾಷೆಗಳ ನಂಟಿನಲ್ಲಿಯೇ ಇದೆ. ಆನೆ ತುಳುವಿನಲ್ಲಿ ಆನೆಯೇ, ಮಲಯಾಳದಲ್ಲಿ ಆನ. ಮರ, ಮೀನು, ಕಣ್ಣು, ಕಲ್ಲು, ಉಪ್ಪು, ಏಣಿ, ನಾಯಿ ಈ ಶಬ್ದಗಳ ಕೊನೆಯಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಮೊದಲ ಅಕ್ಷರ ಮೂರು ಭಾಷೆಗಳಲ್ಲಿಯೂ ಒಂದೇ. ತಲೆ ತುಳುವಿನಲ್ಲಿ ತರೆ, ಮಲಯಾಳದಲ್ಲಿ ತಲ, ಆದರೂ ‘ತ’ ತಪ್ಪುವುದಿಲ್ಲ. ಮೊದಲ ತಿಂಗಳ ಚಿತ್ರಗಳೆಲ್ಲ ಈ ಗುಂಪಿನಿಂದಲೇ ಬರಲಿ. ಇಲಿ, ಎಲೆ, ಹುಲಿಗಳು ಆಮೇಲೆ, ‘ಮನೆಯಲ್ಲಿ ಹೀಗೆ, ಪುಸ್ತಕದಲ್ಲಿ ಹೀಗೆ’ ಎಂಬ ಬೇರೆಯೇ ಪಾಠವಾಗಿ ಬರಲಿ. ಬಚ್ಚಿರೆ (ವೀಳ್ಯದೆಲೆ) ತಿನ್ನುವ ಅಜ್ಜಿ ಇರುವ ಮನೆಯ ಮಗುವಿಗೆ, ಅದರೊಳಗೆ ಇರುವ ‘ಇರೆ’ಯೇ ನಮ್ಮ ‘ಎಲೆ’ ಎಂದು ತೋರಿಸಿದರೆ ಎಷ್ಟು ಸಂತೋಷಪಡುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬದಿಯಡ್ಕದವನು, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ:

ಮಾಷ್ಟ್ರೇ, ನಿಮ್ಮ ಪಟ್ಟಿಯನ್ನು ಬರೆದಿಟ್ಟುಕೊಂಡೆ. ಆಟಗಳ ಒಳಗಿನ ಕೆಲಸದ ಬಗ್ಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಓದು ಕಲಿಸುವ ಆಟಗಳಲ್ಲಿ ಬಹಳ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಫಿನ್ಲೆಂಡಿನ ಗ್ರಾಫೋಗೇಮ್. ಯೂವಾಸ್ಕೂಲಾ ವಿಶ್ವವಿದ್ಯಾಲಯದಲ್ಲಿ ಹೈಕ್ಕಿ ಲ್ಯೂಟಿನೆನ್ ಅವರ ತಂಡ, ಓದಿನ ತೊಡಕು ಬರುವ ಸಾಧ್ಯತೆಯಿರುವ ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸುತ್ತ ನಡೆಸಿದ ಅಧ್ಯಯನದಿಂದ ಅದು ರೂಪುಗೊಂಡಿತು. ಆ ಆಟದ ಮೂಲ ಪಾಠದಲ್ಲಿ ಚಿತ್ರ ಮುಖ್ಯವಲ್ಲ. ಮಗುವಿಗೆ ಕಿವಿಯಲ್ಲಿ ಒಂದು ಧ್ವನಿ ಕೇಳಿಸುತ್ತದೆ, ಪರದೆಯ ಮೇಲಿನಿಂದ ಅಕ್ಷರಗಳು ಬೀಳುತ್ತಿರುತ್ತವೆ, ಕೇಳಿದ ಧ್ವನಿಯ ಅಕ್ಷರವನ್ನು ಹಿಡಿಯಬೇಕು. ಟೀಚರ್ ಅವರ ವಿದ್ಯಾರ್ಥಿನಿಗೆ ‘ಇ’ ಎಂದು ಕೇಳಿಸಿದ್ದರೆ ಅವಳು ಮೊದಲ ಸಲವೇ ಗೆಲ್ಲುತ್ತಿದ್ದಳು. ಚಿತ್ರದ ಆಟ ಶಬ್ದಭಂಡಾರವನ್ನು ಅಳೆಯುತ್ತದೆ. ಧ್ವನಿಯ ಆಟ ಅಕ್ಷರವನ್ನು ಅಳೆಯುತ್ತದೆ. ಎರಡೂ ಬೇಕು, ಆದರೆ ಒಂದನ್ನು ಅಳೆದು ಇನ್ನೊಂದರ ಅಂಕ ಕೊಡಬಾರದು.

ಇಂತಹ ಆಟಗಳಲ್ಲಿ ಮಗುವಿನ ಮಟ್ಟಕ್ಕೆ ತಕ್ಕಂತೆ ಪ್ರಶ್ನೆ ಬದಲಾಗುವ ವ್ಯವಸ್ಥೆ ಇರುತ್ತದೆ. ತಪ್ಪಾದ ಅಕ್ಷರವನ್ನು ಆಟ ಮತ್ತೆ ಮತ್ತೆ ತರುತ್ತದೆ, ಸರಿಯಾದದ್ದನ್ನು ಬಿಟ್ಟು ಮುಂದೆ ಸಾಗುತ್ತದೆ. ಒಳ್ಳೆಯ ಉಪಾಯವೇ, ಆದರೆ ನಮ್ಮ ಮಕ್ಕಳ ಮಟ್ಟಿಗೆ ಇಲ್ಲಿಯೇ ಅಪಾಯವಿದೆ. ಇಲಿ ಮತ್ತು ಎಲಿಯ ಗೊಂದಲವನ್ನು ಆಟವು ಅಕ್ಷರದ ಅಜ್ಞಾನವೆಂದು ಎಣಿಸಿಕೊಂಡರೆ, ಮಗುವನ್ನು ಮುಂದಕ್ಕೆ ಬಿಡದೆ ಅಲ್ಲಿಯೇ ಸುತ್ತಿಸುತ್ತದೆ. ಉಪ್ಪಳದ ಅಕ್ಕ ಹೇಳಿದ ಸ್ಥಾನದ ಕಂಠಪಾಠವಂತೂ ನೇರವಾಗಿ ತಯಾರಕರ ದೋಷ. ಆಯ್ಕೆಗಳ ಸ್ಥಾನವನ್ನು ಪ್ರತಿಸಲ ಬದಲಿಸುವುದು ಕೆಲವೇ ಸಾಲುಗಳ ಕೋಡ್.

ಹಾಗೆಂದು ಗ್ರಾಫೋಗೇಮನ್ನು ಹಾಗೆಯೇ ಕನ್ನಡಕ್ಕೆ ತಂದರೆ ಸಾಲದು. ಫಿನ್ನಿಶ್ ಭಾಷೆಯಲ್ಲಿ ಒಂದು ಅಕ್ಷರಕ್ಕೆ ಹೆಚ್ಚುಕಡಿಮೆ ಒಂದೇ ಧ್ವನಿ, ಇಪ್ಪತ್ತು ಚಿಲ್ಲರೆ ಜೋಡಿಗಳನ್ನು ಕಲಿತರೆ ಮಗು ಓದಲಾರಂಭಿಸುತ್ತದೆ. ನಮ್ಮಲ್ಲಿ 34 ವ್ಯಂಜನಗಳ ಕಾಗುಣಿತವೇ ನಾನೂರನ್ನು ಮೀರುತ್ತದೆ, ಅದರ ಮೇಲೆ ಒತ್ತಕ್ಷರಗಳಿವೆ. ಕನ್ನಡ ಓದಿನ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಅಕ್ಷರಗಳ ಕಲಿಕೆ ಒಂದನೇ ತರಗತಿಯಲ್ಲಿ ಮುಗಿಯದೆ ಮುಂದಿನ ಹಲವು ತರಗತಿಗಳವರೆಗೂ ಸಾಗುತ್ತದೆ ಎಂದು ತೋರಿಸಿದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಮಾಡಿದ ಆಟದ ಚೌಕಟ್ಟಿಗೆ ಕನ್ನಡದ 49 ಅಕ್ಷರಗಳನ್ನು ತುಂಬಿ, ಕಾಗುಣಿತವನ್ನು ಬಿಟ್ಟುಬಿಟ್ಟ ಆಟಗಳು ಹೆಚ್ಚು ಉಪಯೋಗಕ್ಕೆ ಬಾರದಿರುವುದು ಈ ಕಾರಣದಿಂದಲೇ.

ಮಗು ಓದಿದ್ದನ್ನು ಕೇಳಿ ತಿದ್ದುವ ಆಟಗಳೂ ಬಂದಿವೆ. ಗೂಗಲ್ 2019ರಲ್ಲಿ ಭಾರತದಲ್ಲಿ ‘ಬೋಲೋ’ ಎಂಬ ಹೆಸರಿನಲ್ಲಿ ಹೊರತಂದ ಆ್ಯಪ್ ಮರುವರ್ಷ ‘ರೀಡ್ ಅಲಾಂಗ್’ ಆಗಿ ಒಂಬತ್ತು ಭಾಷೆಗಳಿಗೆ ವಿಸ್ತರಿಸಿದಾಗ ತಮಿಳು, ತೆಲುಗು, ಮರಾಠಿ ಅದರಲ್ಲಿದ್ದವು, ಕನ್ನಡ ಮತ್ತು ಮಲಯಾಳ ಇರಲಿಲ್ಲ. ನಮ್ಮ ಭಾಷೆಗೆ ಇನ್ನೊಬ್ಬರು ತಂದುಕೊಡಲಿ ಎಂದು ಕಾಯುವುದಕ್ಕಿಂತ ನಾವೇ ಸಣ್ಣದಾಗಿ ಆರಂಭಿಸುವುದು ಒಳ್ಳೆಯದು ಎಂದು ನನಗೆ ಅನಿಸಿದ್ದು ಆಗಲೇ.

ಮಂಜೇಶ್ವರದ ಅಂಗನವಾಡಿ ಟೀಚರ್:

ಚರ್ಚೆ ಒಂದನೇ ತರಗತಿಯ ಬಗ್ಗೆ ನಡೆಯುತ್ತಿದೆ ಎಂದು ತಿಳಿದಿದ್ದರೂ ಒಂದು ಮಾತು ಸೇರಿಸುತ್ತೇನೆ. ಈಗ ಮೂರು ವರ್ಷದ ಮಕ್ಕಳ ಕೈಗೂ ಅಕ್ಷರದ ಆಟವೆಂದು ಮೊಬೈಲ್ ಕೊಡುತ್ತಿದ್ದಾರೆ. ತಂದೆ ಗಲ್ಫಿನಲ್ಲಿರುವ ಮನೆಗಳಲ್ಲಿ ಸಂಜೆ ವಿಡಿಯೊ ಕಾಲ್ ಮುಗಿದ ಮೇಲೆ ಆ ಮೊಬೈಲ್ ಮಗುವಿನ ಕೈಯಲ್ಲಿಯೇ ಉಳಿಯುತ್ತದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಸಮಯ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆ ವಯಸ್ಸಿನ ಮಗುವಿಗೆ ಬೇಕಾದದ್ದು ಅಕ್ಷರವಲ್ಲ, ಕನ್ನಡದ ಮಾತು. ಮಾಷ್ಟ್ರು ಹೇಳಿದ ಇಲಿ, ಹುಲಿ, ಹಂದಿಗಳನ್ನು ಹಾಡು, ಕತೆಗಳಲ್ಲಿ ಮೊದಲೇ ಕೇಳಿಸಿದರೆ ಟೀಚರ್ ಅವರ ತರಗತಿಯಲ್ಲಿ ಕೆಂಪು ಗುರುತುಗಳು ಕಡಿಮೆಯಾಗುತ್ತವೆ.

ಉಪ್ಪಳದ ತಾಯಿ:

ಹಾಗಾದರೆ ಮೊಬೈಲಿನ ಆಟವನ್ನು ಬಿಡಿಸಿಬಿಡುವುದೇ ಸರಿಯೇ? ನನಗೆ ಮನೆಗೆಲಸದ ನಡುವೆ ಅವನ ಜೊತೆ ಕುಳಿತುಕೊಳ್ಳಲು ಸಿಗುವ ಸಮಯ ಬಹಳ ಕಡಿಮೆ.

ಬದಿಯಡ್ಕದವನು:

ಬಿಡಿಸಬೇಕಾಗಿಲ್ಲ ಅಕ್ಕ, ಆದರೆ ಕಡಿಮೆ ಹೊತ್ತು ಮತ್ತು ಜೊತೆಯಲ್ಲಿ ಕುಳಿತು ಆಡಿಸಿ. ಗ್ರಾಫೋಗೇಮಿನ ಬಗ್ಗೆ ಬೇರೆ ಬೇರೆ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2020ರಲ್ಲಿ ಒಂದು ವಿಮರ್ಶೆ ಪ್ರಕಟವಾಯಿತು. ಎಲ್ಲವನ್ನೂ ಸೇರಿಸಿ ನೋಡಿದಾಗ ಶಬ್ದಗಳನ್ನು ಓದುವ ಶಕ್ತಿಯಲ್ಲಿ ಹೇಳಿಕೊಳ್ಳುವಂತಹ ಪ್ರಯೋಜನ ಕಾಣಲಿಲ್ಲ. ಆದರೆ ಆಟದ ವೇಳೆ ದೊಡ್ಡವರ ಒಡನಾಟ ಹೆಚ್ಚಾಗಿದ್ದ ಕಡೆಗಳಲ್ಲಿ ಪ್ರಯೋಜನ ಸ್ಪಷ್ಟವಾಗಿ ಕಂಡಿತು. ಅಷ್ಟು ಜಾಗ್ರತೆಯಿಂದ ಮಾಡಿದ ಆಟಕ್ಕೇ ಪಕ್ಕದಲ್ಲಿ ಒಬ್ಬರು ಬೇಕಾದರೆ, ನಮ್ಮ ಮೊಬೈಲಿನ ಆಟಗಳಿಗೆ ಬೇಡವೇ? ನಿಮ್ಮ ಹತ್ತು ನಿಮಿಷ ಸಾಕು. ಅವನು ‘ಎಲಿ’ ಎಂದಾಗ ನೀವು ‘ಹೌದು ಮಗಾ’ ಎನ್ನಲು ಅಷ್ಟು ಹೊತ್ತು ಧಾರಾಳವಾಯಿತು.

ಇದಕ್ಕೆ ವಿರುದ್ಧವಾಗಿ ತೋರುವ ಒಂದು ಉದಾಹರಣೆಯನ್ನೂ ಹೇಳಬೇಕು. ಶಿಕ್ಷಕರ ನೆರವಿಲ್ಲದೆ ಮಕ್ಕಳು ತಾವಾಗಿ ಓದು, ಬರಹ, ಲೆಕ್ಕ ಕಲಿಯುವಂತಹ ತಂತ್ರಾಂಶಕ್ಕಾಗಿ ನಡೆದ ಗ್ಲೋಬಲ್ ಲರ್ನಿಂಗ್ ಎಕ್ಸ್‌ಪ್ರೈಜ಼್ ಸ್ಪರ್ಧೆಯಲ್ಲಿ, ತಾಂಜಾನಿಯಾದ ಸುಮಾರು 170 ಹಳ್ಳಿಗಳ ಮಕ್ಕಳಿಗೆ ಹದಿನೈದು ತಿಂಗಳು ಟ್ಯಾಬ್ಲೆಟ್ ಕೊಟ್ಟು ನೋಡಿದರು. 2019ರಲ್ಲಿ ಕಿಟ್‌ಕಿಟ್ ಸ್ಕೂಲ್ ಮತ್ತು ಒನ್‌ಬಿಲಿಯನ್ ತಂಡಗಳು ಬಹುಮಾನವನ್ನು ಹಂಚಿಕೊಂಡವು. ಅಂತಿಮ ಸುತ್ತಿಗೆ ಬಂದ ಐದು ತಂಡಗಳಲ್ಲಿ ಬೆಂಗಳೂರಿನ ಚಿಂಪಲ್ ಕೂಡ ಇತ್ತು. ತಾಂಜಾನಿಯಾದ ಆ ಮಕ್ಕಳಲ್ಲಿ ಹೆಚ್ಚಿನವರು ಶಾಲೆಯನ್ನೇ ಕಂಡವರಲ್ಲ, ಹಾಗಾಗಿ ಅವರು ಕಲಿತದ್ದು ದೊಡ್ಡ ಸಂಗತಿಯೇ. ನಮ್ಮ ಮಕ್ಕಳಿಗೆ ಶಾಲೆ ಇದೆ, ಟೀಚರ್ ಇದ್ದಾರೆ. ಇರುವವರನ್ನು ಬದಿಗಿಟ್ಟು ಯಂತ್ರವನ್ನು ಮುಂದೆ ಮಾಡುವ ಪರಿಸ್ಥಿತಿ ನಮ್ಮದಲ್ಲ.

ಕುಂಬಳೆ ಬಳಿಯ ಎಲ್.ಪಿ. ಶಾಲೆಯ ಟೀಚರ್:

ಎಲ್ಲರ ಮಾತುಗಳನ್ನೂ ಎರಡೆರಡು ಸಲ ಓದಿದೆ. ಎರಡು ವಾರ ಕೆಲವು ಬದಲಾವಣೆಗಳನ್ನು ಮಾಡಿ ನೋಡಿ ಈಗ ಬರೆಯುತ್ತಿದ್ದೇನೆ.

ಮೊದಲನೆಯದಾಗಿ ಆ ಚಿತ್ರದ ಆಟವನ್ನು ನಿಲ್ಲಿಸಿದೆ. ನಮ್ಮ ಕೇರಳದ ಶಾಲೆಗಳ ಲ್ಯಾಪ್‌ಟಾಪುಗಳಲ್ಲಿ ಯಾರು ಬೇಕಾದರೂ ಬಳಸಿ ಬದಲಿಸಬಹುದಾದ ಸ್ವತಂತ್ರ ತಂತ್ರಾಂಶಗಳೇ ಇರುವುದು ದೊಡ್ಡ ಅನುಕೂಲ. ಅವುಗಳಲ್ಲಿ ಇರುವ, ಮಕ್ಕಳೂ ಸುಲಭವಾಗಿ ಆಟ ತಯಾರಿಸಬಹುದಾದ ಸ್ಕ್ರ್ಯಾಚ್‌ನಲ್ಲಿ ಕನ್ನಡ ಅಕ್ಷರಗಳನ್ನು ಚಿತ್ರವಾಗಿ ಸೇರಿಸಬಹುದು, ನಮ್ಮದೇ ಧ್ವನಿಯನ್ನು ರೆಕಾರ್ಡ್ ಮಾಡಿ ಹಾಕಬಹುದು. 2018ರಿಂದ ಹೈಸ್ಕೂಲುಗಳಲ್ಲಿ ನಡೆಯುತ್ತಿರುವ ಲಿಟ್ಲ್ ಕೈಟ್ಸ್ ಎಂಬ ಕಂಪ್ಯೂಟರ್ ಕ್ಲಬ್ಬಿನ ಮಕ್ಕಳು ಸ್ಕ್ರ್ಯಾಚ್ ಕಲಿತಿರುತ್ತಾರೆ. ಹತ್ತಿರದ ಹೈಸ್ಕೂಲಿನ ಇಬ್ಬರು ಹುಡುಗಿಯರು ಶನಿವಾರ ಬಂದು, ಮೇಲಿನಿಂದ ಅಕ್ಷರ ಬೀಳುವ ಒಂದು ಸಣ್ಣ ಆಟವನ್ನು ಮಾಡಿಕೊಟ್ಟರು. ಅವರಲ್ಲಿ ಒಬ್ಬಳು ನನ್ನ ತರಗತಿಯ ಒಂದು ಮಗುವಿನ ಅಕ್ಕ. ಧ್ವನಿ ಅವಳದೇ. ಶಾಲೆಯ ಮಾಡಿಗೆ ಮಳೆ ಬೀಳುವ ಸದ್ದು ಹಿನ್ನೆಲೆಯಲ್ಲಿ ಸೇರಿಕೊಂಡ ಕಾರಣ ಎರಡು ಸಲ ರೆಕಾರ್ಡ್ ಮಾಡಬೇಕಾಯಿತು.

ಮೊದಲ ಹಂತದಲ್ಲಿ ಚಿತ್ರವಿಲ್ಲ, ಧ್ವನಿ ಮತ್ತು ಅಕ್ಷರ ಮಾತ್ರ. ತಪ್ಪಾದರೆ ಕೆಂಪು ಗುರುತಿಲ್ಲ, ಸರಿಯಾದ ಅಕ್ಷರ ತಾನೇ ಹೊಳೆದು ಧ್ವನಿ ಮತ್ತೊಮ್ಮೆ ಕೇಳಿಸುತ್ತದೆ. ಚಿತ್ರದ ಹಂತದಲ್ಲಿ ಮಾಷ್ಟ್ರು ಕೊಟ್ಟ ಆನೆ, ಮರ, ಮೀನು, ಕಣ್ಣು, ಉಪ್ಪು, ಏಣಿ ಇವೆ. ಇಬ್ಬರು ಮಕ್ಕಳನ್ನು ಒಟ್ಟಿಗೆ ಕೂರಿಸಿ, ಒಬ್ಬರು ಒತ್ತುವಾಗ ಇನ್ನೊಬ್ಬರು ಆ ಅಕ್ಷರವನ್ನು ಸ್ಲೇಟಿನಲ್ಲಿ ಬರೆಯುವಂತೆ ಮಾಡಿದ್ದೇನೆ, ಏಕೆಂದರೆ ಪರದೆಯ ಮೇಲೆ ಗುರುತಿಸಿದ ಅಕ್ಷರ ಕೈಗೆ ಇಳಿಯದಿದ್ದರೆ ಪುಸ್ತಕದಲ್ಲಿ ಮತ್ತೆ ಅಪರಿಚಿತವಾಗುತ್ತದೆ. ನಾನು ಪಕ್ಕದಲ್ಲಿಯೇ ಇರುತ್ತೇನೆ.

ಧ್ವನಿಯ ಆಟದಲ್ಲಿ ಒಂದು ಹೊಸ ವಿಷಯ ಬೆಳಕಿಗೆ ಬಂತು. ನಿಜವಾದ ತಪ್ಪುಗಳು ಯಾವುವು ಎಂಬುದು ಈಗ ಕಾಣುತ್ತಿದೆ. ‘ಇ’ ಮತ್ತು ‘ಎ’ಯಲ್ಲಿ ಯಾರೂ ತಪ್ಪುತ್ತಿಲ್ಲ. ‘ಮ’ ಕೇಳಿಸಿದಾಗ ‘ವು’ವನ್ನು ಹಿಡಿಯುವವರು ಐವರಿದ್ದಾರೆ, ಎರಡೂ ಅಕ್ಷರಗಳ ಮೈಕಟ್ಟು ಒಂದೇ ರೀತಿ ಇರುವುದು ಇದಕ್ಕೆ ಕಾರಣ. ‘ದ’ ಮತ್ತು ‘ಧ’ದಲ್ಲಿ ತುಳು ಮನೆಯ ಮಕ್ಕಳೆಲ್ಲ ಎಡವುತ್ತಾರೆ, ತುಳುವಿನ ಮಾತಿನಲ್ಲಿ ಮಹಾಪ್ರಾಣದ ಬಳಕೆ ಇಲ್ಲದಿರುವುದರಿಂದ ಅವರ ಕಿವಿಗೆ ಆ ಎರಡೂ ಒಂದೇ. ಇವೆರಡಕ್ಕೂ ಬೇರೆ ಬೇರೆ ಮದ್ದು ಬೇಕು. ಮೊದಲನೆಯದನ್ನು ಕಣ್ಣಿಗೆ ಕಲಿಸಬೇಕು, ಎರಡನೆಯದನ್ನು ಕಿವಿಗೆ ಕಲಿಸಬೇಕು. ಹಿಂದಿನ ಆಟ ಇಡೀ ವರ್ಷ ಆಡಿಸಿದ್ದರೂ ಇದು ನನಗೆ ತಿಳಿಯುತ್ತಿರಲಿಲ್ಲ.

ಪೆರ್ಲದ ನಿವೃತ್ತ ಅಧ್ಯಾಪಕ:

ಬಹಳ ಸಂತೋಷವಾಯಿತು ಟೀಚರ್. ಮಹಾಪ್ರಾಣಕ್ಕೆ ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ ‘ದ’, ‘ಧ’ ಎಂದು ಹೇಳಿಸಿ; ಎರಡನೆಯದಕ್ಕೆ ಉಸಿರು ಕೈಗೆ ತಾಗುತ್ತದೆ. ಮುಂದೆ ಒತ್ತಕ್ಷರದ ಹಂತ ಮಾಡುವಾಗ ಅರ್ಕಾವೊತ್ತನ್ನು ಕೊನೆಗೆ ಇಡಿ. ‘ಸೂರ್ಯ’ ಎನ್ನುವಾಗ ರಕಾರ ಮೊದಲು ಕೇಳಿಸುತ್ತದೆ, ಬರೆಯುವಾಗ ಯಕಾರದ ಬಳಿಕ ಬರುತ್ತದೆ. ಕೇಳಿದ ಕ್ರಮದಲ್ಲಿಯೇ ಬರೆಯಬೇಕೆಂದು ಕಲಿತ ಮಗುವಿಗೆ ಅದು ಮೊದಲ ದಿನ ಅನ್ಯಾಯವೆಂದೇ ತೋರುತ್ತದೆ.

ಬದಿಯಡ್ಕದವನು:

ಟೀಚರ್, ಆ ಸ್ಕ್ರ್ಯಾಚ್ ಫೈಲನ್ನು ಇಲ್ಲಿ ಹಂಚಿಕೊಳ್ಳಲು ಸಾಧ್ಯವೇ? ಪ್ರತಿ ಮಗು ಯಾವ ಅಕ್ಷರದ ಬದಲು ಯಾವುದನ್ನು ಒತ್ತಿತು ಎಂಬುದು ಪಟ್ಟಿಯಾಗಿ ಉಳಿಯುವಂತೆ ನಾನು ಮಾಡಿಕೊಡುತ್ತೇನೆ. ಈಗ ನೀವು ಪಕ್ಕದಲ್ಲಿ ಕುಳಿತು ನೆನಪಿಟ್ಟುಕೊಳ್ಳುತ್ತಿರುವುದು ಆಗ ಕಾಗದದಲ್ಲಿ ಸಿಗುತ್ತದೆ.

ಕುಂಬಳೆ ಬಳಿಯ ಎಲ್.ಪಿ. ಶಾಲೆಯ ಟೀಚರ್:

ಖಂಡಿತ ಹಂಚಿಕೊಳ್ಳುತ್ತೇನೆ, ಆ ಇಬ್ಬರು ಹುಡುಗಿಯರನ್ನು ಒಮ್ಮೆ ಕೇಳಿ ನಾಳೆ ಹಾಕುತ್ತೇನೆ, ಆಟ ಅವರದು.

ನನಗೆ ಇನ್ನೊಂದು ಸಹಾಯ ಬೇಕು. ತುಳು ಮತ್ತು ಮಲಯಾಳದ ಶಬ್ದಗಳು ಮಾಷ್ಟ್ರಿಂದ ಸಿಕ್ಕಿವೆ. ಬ್ಯಾರಿ, ಕೊಂಕಣಿ ಮನೆಮಾತಿನವರು ಈ ಚರ್ಚೆಯನ್ನು ಓದುತ್ತಿದ್ದರೆ, ಆನೆ, ಮರ, ಮೀನು, ಕಣ್ಣು, ಕಲ್ಲು, ಉಪ್ಪು, ಏಣಿ, ನಾಯಿ, ತಲೆ ಈ ಒಂಬತ್ತಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ ಎಂದು ಕೆಳಗೆ ಬರೆಯಿರಿ. ಪುಸ್ತಕದ ಶಬ್ದ ಬೇಡ, ಮಗು ಅಜ್ಜಿಯ ಬಾಯಿಯಿಂದ ಕೇಳುವ ಶಬ್ದವೇ ಬೇಕು. ಮುಂದಿನ ಶನಿವಾರ ಆ ಹುಡುಗಿಯರು ಮತ್ತೆ ಬರುತ್ತಾರೆ, ಅದಕ್ಕೆ ಮೊದಲು ಸಿಕ್ಕಿದರೆ ಮೊದಲ ಅಕ್ಷರ ಬೇರೆಯಾಗುವ ಚಿತ್ರಗಳನ್ನು ಅಂದೇ ತೆಗೆದುಬಿಡುತ್ತೇವೆ.